ಹೊರಗಿಟ್ಟ ಒಲೆ

ಡೇರೆಯ ನೆಲ ಹಾಸುವುದರಲ್ಲಿ ನನ್ನ ದೊಡ್ಡಮ್ಮ ಪಿನಾಮೆನ್ ಎತ್ತಿದ ಕೈ. ಫರ್ ಮರದ ಎಳೆಯ ರೆಂಬೆಗಳನ್ನು ಮುರಿದು ತಂದು, ಕಡ್ಡಿ ಕೆಳಗೆ, ಸೊಪ್ಪು ಮೇಲೆ ಬರುವಂತೆ ಒತ್ತೊತ್ತಾಗಿ ಜೋಡಿಸುತ್ತಿದ್ದಳು. ಅದರ ಮೇಲೆ ಮಲಗಿದರೆ ಅಡಿಯ ಹಿಮ ಮರೆತೇಹೋಗುತ್ತಿತ್ತು. ನೆಲ ಅವಳ ಪಾಲಿಗೆ, ಒಲೆ ಅವಳ ಗಂಡ ತುಮಿನಿಕನ ಪಾಲಿಗೆ. ತೆಳು ತಗಡಿನ ಆ ಪುಟ್ಟ ಒಲೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನಸುಕಿನಲ್ಲಿ ಯಾರಾದರೂ ಕಂಬಳಿ ಬಿಟ್ಟೆದ್ದು ಮತ್ತೆ ಹೊತ್ತಿಸಬೇಕು. ಮದುವೆಯಾದಂದಿನಿಂದ ಬೇಟೆಯ ಬಿಡಾರದಲ್ಲಿ ಆ ಕೆಲಸವನ್ನು ದೊಡ್ಡಪ್ಪ ಅವಳಿಗೆ ಬಿಟ್ಟುಕೊಟ್ಟಿರಲಿಲ್ಲ.

ಅವನ ಮೂತ್ರಪಿಂಡ ಕೆಟ್ಟ ಮೇಲೆ ಕಾಡು ತಪ್ಪಿತು. ಉತ್ತರದ ಹಿಮನಾಡಾದ ಲ್ಯಾಬ್ರಡಾರಿನ ನಮ್ಮ ಹಳ್ಳಿಯಲ್ಲಿ ಡಯಾಲಿಸಿಸ್ ಇರಲಿಲ್ಲ. ದೂರದ ಪಟ್ಟಣದ ಆಸ್ಪತ್ರೆಯ ಪಕ್ಕ ಬಾಡಿಗೆ ಕೋಣೆ ಹಿಡಿದರು. ದಿನ ಬಿಟ್ಟು ದಿನ ಯಂತ್ರ. ಎರಡು ವರ್ಷ ಹೀಗೇ ಕಳೆಯಿತು. ಆ ಶರತ್ಕಾಲದಲ್ಲಿ ಅವನು ಒಮ್ಮೆ, ಒಂದೇ ಒಂದು ಸಲ ಬೇಟೆಯ ಬಿಡಾರ ಹೂಡುತ್ತಿದ್ದ ಸರೋವರಕ್ಕೆ ಹೋಗಿಬರುತ್ತೇನೆಂದು ಹಟ ಹಿಡಿದ. ಡಾಕ್ಟರು ಒಲ್ಲದ ಮನಸ್ಸಿನಿಂದ ಮೂರು ದಿನ ಬಿಟ್ಟರು. ದೊಡ್ಡಮ್ಮನೂ ಜೊತೆಗೆ ಹೋದಳು.

ಗಡುವು ಮುಗಿದಾಗ ನೀರಿಗಿಳಿಯುವ ಪುಟ್ಟ ವಿಮಾನದಲ್ಲಿ ಅವರನ್ನು ಕರೆತರಲು ಹೋದವಳು ನಾನು. ದೊಡ್ಡಪ್ಪ ಡೇರೆಯೊಳಗೆ ಅಂಗಿಯ ತೋಳು ಮಡಚಿಕೊಂಡು ಒಲೆಯ ಪಕ್ಕ ಕೂತಿದ್ದ. ಕಾಲು ಊದಿದ್ದವು. ಮುಖ ಮಾತ್ರ ಎಷ್ಟೋ ದಿನದ ಮೇಲೆ ಅರಳಿತ್ತು.

"ಬಾರೇ ಮಗಳೇ, ಕೋಳಿ ಸಾರು ಕುಡಿ. ಕಾಡುಕೋಳಿ. ನಾನೇ ಹೊಡೆದಿದ್ದು."

"ಹೂಂ, ಇವನೇ ಹೊಡೆದ," ಎಂದಳು ದೊಡ್ಡಮ್ಮ. "ಇವನ ಕೈ ನಡುಗೋದು ನೋಡಿ ಆ ಕೋಳಿಗೇ ಪಾಪ ಅನ್ಸಿರ್ಬೇಕು. ಕೂತಲ್ಲಿಂದ ಹಾರ್ಲೇ ಇಲ್ಲ."

"ಕೇಳ್ಸ್ಕೊಂಡ್ಯಾ? ಈ ಮುದುಕಿ ನಾಲಿಗೆಗೆ ಮಾತ್ರ ಯಾವ ಕಾಯ್ಲೇನೂ ಬರಲ್ಲ."

ಹೊರಗಿನಿಂದ ಪೈಲಟ್ ಕೂಗಿದ. "ಬೇಗ ಬನ್ನಿ! ದಂಡೆ ಉದ್ದಕ್ಕೂ ನೀರು ಗಡ್ಡೆ ಕಟ್ತಿದೆ. ಇವತ್ತು ಬಿಟ್ರೆ ಸರೋವರ ಪೂರ್ತಿ ಗಟ್ಟಿಯಾಗೋವರೆಗೂ ಯಾರೂ ಇಲ್ಲಿ ಇಳಿಯಕ್ಕಾಗಲ್ಲ."

ಅಂದರೆ ವಾರಗಟ್ಟಲೆ. ಯಂತ್ರವಿಲ್ಲದೆ ಅಷ್ಟು ದಿನ ಅವನು ಬದುಕುವಂತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಒಲೆಗೆ ಇನ್ನೊಂದು ಸೌದೆ ತುರುಕಿದ.

"ನಾನು ಬರಲ್ಲ, ಪಿನಾಮೆನ್. ನೀನೂ ಇಲ್ಲೇ ಇರು."

"ಇದ್ದು? ನೀನು ಸಾಯೋದನ್ನ ನೋಡ್ಲಾ?"

"ಅಲ್ಲಿ ಎರಡು ವರ್ಷದಿಂದ ನೋಡ್ತಾನೇ ಇದ್ದೀಯಲ್ಲ. ಇಲ್ಲಾದ್ರೆ ಬೆಚ್ಚಗೆ ಕೂತು ನೋಡ್ಬಹುದು."

ಅವಳು ಬೈದಳು, ಗೋಗರೆದಳು, ಅವನ ಊದಿದ ಕಾಲು ಹಿಡಿದುಕೊಂಡಳು. "ನನಗೆ ಯಾರಿದ್ದಾರೋ, ತುಮಿನಿಕ್" ಎಂದಳು. ಅವನು ಅವಳ ತಲೆ ಸವರಿದನೇ ಹೊರತು ಏಳಲಿಲ್ಲ.

ಆಗ ಅವಳು ಚರ್ಮದ ಕೈಗವಸು ಹಾಕಿಕೊಂಡಳು. ಹೊಗೆಕೊಳವೆಯನ್ನು ಜಗ್ಗಿ ಕಿತ್ತಳು. ಡೇರೆಯ ತುಂಬ ಹೊಗೆ ಕವಿಯಿತು. ಉರಿಯುತ್ತಿದ್ದ ಒಲೆಯನ್ನು ಹಾಗೇ ಎತ್ತಿ ಹೊರಗೊಯ್ದು ಹಿಮದ ಮೇಲಿಟ್ಟಳು. ಅದು ಚುರ್ರೆಂದು ಹಿಮದೊಳಗೆ ಕುಸಿಯಿತು. ಬಿಡಾರ ಕೀಳುವಾಗಲೂ ಎಲ್ಲರೂ ಹೊರಬಂದ ಮೇಲೆಯೇ ಒಲೆ ಹೊರಡುವುದು ನಮ್ಮ ಮನೆಯ ರೂಢಿ. ಒಳಗೆ ಮನುಷ್ಯನಿರುವಾಗ ಒಲೆ ತೆಗೆದದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಬಟ್ಟೆಯ ಡೇರೆ ತಣ್ಣಗಾಗಲು ಹೊತ್ತು ಹಿಡಿಯುವುದಿಲ್ಲ. ದೊಡ್ಡಪ್ಪನ ಉಸಿರು ಬೆಳ್ಳಗೆ ಕಾಣತೊಡಗಿತು. ಒಲೆ ಇದ್ದ ಜಾಗವನ್ನೇ ನೋಡುತ್ತ ಕೂತಿದ್ದ. ಆಮೇಲೆ ಅಂಗಿಯ ತೋಳು ಇಳಿಸಿ, ಕೋಟು ತೊಟ್ಟು, ನನ್ನ ಭುಜ ಹಿಡಿದು ಎದ್ದ. ದೊಡ್ಡಮ್ಮನ ಮುಂದೆಯೇ ಹಾದುಹೋಗಿ ವಿಮಾನ ಹತ್ತಿದ.

ಅವನು ಆ ಚಳಿಗಾಲ ಕಳೆದ, ಮುಂದಿನದನ್ನೂ ಕಳೆದ. ಗಟ್ಟಿಗಿತ್ತಿ, ಗಂಡನನ್ನು ಉಳಿಸಿಕೊಂಡಳು ಎಂದು ಆಸ್ಪತ್ರೆಯವರು ಹೊಗಳಿದರು. ದೊಡ್ಡಪ್ಪ ಅವಳನ್ನು ಒಂದು ದಿನವೂ ದೂರಲಿಲ್ಲ. ಮುದುಕಿ ಎಂದು ಕರೆದು ಕೆಣಕುವುದನ್ನೂ ಬಿಟ್ಟ. ಆದರೆ ಹಗಲಲ್ಲಿ ಆ ಕೋಟು ಮಾತ್ರ ಕಳಚುತ್ತಿರಲಿಲ್ಲ. ಹೀಟರ್ ಉರಿಯುವ ಆ ಬಾಡಿಗೆ ಕೋಣೆಯಲ್ಲಿ, ಬೆವರು ಇಳಿಯುತ್ತಿದ್ದರೂ, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೂತಿರುತ್ತಿದ್ದ.

"ಬಿಚ್ಚೋ, ಸೆಕೆ" ಎನ್ನುತ್ತಿದ್ದಳು.

"ಚಳಿ" ಎನ್ನುತ್ತಿದ್ದ, ಅಷ್ಟೇ.

ಕೊನೆಕೊನೆಗೆ ಅವನ ಬೆರಳುಗಳೂ ಊದಿಕೊಂಡವು, ಗುಂಡಿ ಹಾಕಲಾಗುತ್ತಿರಲಿಲ್ಲ. ಬೆಳಗಾಗುತ್ತಿದ್ದಂತೆ ದೊಡ್ಡಮ್ಮನೇ ಎದುರು ಮಂಡಿಯೂರಿ, ಕೆಳಗಿನಿಂದ ಒಂದೊಂದಾಗಿ ಎಲ್ಲ ಗುಂಡಿ ಹಾಕಿ, ಕೊರಳಪಟ್ಟಿ ಎತ್ತಿ ಕಟ್ಟುತ್ತಿದ್ದಳು.