ತಲೆದೂಗುವ ಒಂದನೇ ತರಗತಿ

ಬೆಳಗಿನ ಆರೂಕಾಲು. ಗೇಟಿನ ಬೀಗ ತೆಗೆದ ಕಾವಲುಗಾರನ ಆಕಳಿಕೆ ಇನ್ನೂ ಮುಗಿದಿಲ್ಲ, ಟೀಚರಮ್ಮ ಆಗಲೇ ಅಂಗಳ ದಾಟಿ ಒಂದನೇ ತರಗತಿಯ ದೀಪ ಹಾಕಿದ್ದಾರೆ. ಶೂ ಬಿಚ್ಚಿ ಬಾಗಿಲ ಹಿಂದಿಟ್ಟು, ಮೆತ್ತನೆಯ ಚಪ್ಪಲಿ ಮೆಟ್ಟಿಕೊಂಡು, ಮೊಣಕಾಲೆತ್ತರದ ಪುಟ್ಟ ಕುರ್ಚಿಯೊಂದರಲ್ಲಿ ಹೇಗೋ ಹೊಂದಿಸಿಕೊಂಡು ಕೂರುತ್ತಾರೆ. ಮುಂದೆ ಡಬ್ಬಿ ತುಂಬ ಪೆನ್ಸಿಲ್. ಒಂದೊಂದನ್ನೇ ತಿರುಗಿಸಿ ತಿರುಗಿಸಿ ಮೊನೆ ಮಾಡುತ್ತಾರೆ. ಇಪ್ಪತ್ತಾರು ಮಕ್ಕಳಿಗೆ ಇಪ್ಪತ್ತಾರು, ಕಳೆದುಕೊಳ್ಳುವವರಿಗೆಂದು ಹತ್ತು, ಕಚ್ಚಿ ತಿನ್ನುವವರಿಗೆಂದು ಇನ್ನೂ ನಾಲ್ಕು.

“ಮಕ್ಕಳ ಕೈಗೆ ಮೊಂಡ ಪೆನ್ಸಿಲ್ ಕೊಟ್ರೆ ಅವು ಒತ್ತಿ ಬರೀತವೆ. ಒತ್ತಿ ಬರೆದ್ರೆ ಬೆರಳು ನೋಯುತ್ತೆ. ಬೆರಳು ನೋಯ್ತು ಅಂದ್ರೆ ಬರೆಯೋದೇ ಬೇಡ ಅನ್ಸುತ್ತೆ. ಎಲ್ಲಾ ಶುರುವಾಗೋದು ಮೊನೆಯಿಂದಾನೇ,” ಎನ್ನುತ್ತಾರೆ, ಕೈ ನಿಲ್ಲಿಸದೆ.

ಪೆನ್ಸಿಲ್ ಮುಗಿದ ಮೇಲೆ ಕಾಪಿ ಪುಸ್ತಕಗಳು. ಪ್ರತಿಯೊಂದರಲ್ಲೂ ಒಂದು ಸಾಲು ಮಾದರಿ ಬರೆದಿಡಬೇಕು. ಅಚ್ಚು ಹಾಕಿದ ಹಾಳೆ ಶಾಲೆಯಲ್ಲೇ ಸಿಗುತ್ತದೆ, ಆದರೆ ಟೀಚರಮ್ಮನಿಗೆ ಅದು ಒಗ್ಗುವುದಿಲ್ಲ. ಎಡಗೈ ಮಗುವಿಗೆ ಸಾಲನ್ನು ಬಲಗಡೆಗೆ ಬರೆಯುತ್ತಾರೆ, ಇಲ್ಲದಿದ್ದರೆ ಮಗುವಿನ ಕೈಯೇ ಮಾದರಿಯನ್ನು ಮುಚ್ಚಿಬಿಡುತ್ತದೆ. ಅಂಥವರು ನಾಲ್ಕು ಜನ. ಎಂಟಕ್ಕೆ ಗಂಟೆ ಹೊಡೆದರೆ ಪ್ರಾರ್ಥನಾ ಮಂದಿರಕ್ಕೆ ಸಾಲು. ಅಲ್ಲಿಂದ ಮಧ್ಯಾಹ್ನ ಎರಡೂವರೆಯವರೆಗೆ ಓದು, ಲೆಕ್ಕ, ಹಾಡು, ಜಗಳ ಬಿಡಿಸುವುದು, ಮೂಗು ಒರೆಸುವುದು. ದಿನಕ್ಕೆ ಸರಾಸರಿ ಹದಿನೆಂಟು ಸಲ ಶೂ ಲೇಸು ಕಟ್ಟುತ್ತಾರೆ. ಒಂದು ವಾರ ಸುಮ್ಮನೆ ಕುತೂಹಲಕ್ಕೆ ಎಣಿಸಿ ನೋಡಿದರಂತೆ. ಆಮೇಲೆ ಬೆನ್ನು ನೋವು ಜಾಸ್ತಿಯಾದಂತೆ ಅನಿಸಿ ಎಣಿಸುವುದನ್ನು ಬಿಟ್ಟರು, ಕಟ್ಟುವುದನ್ನು ಬಿಡಲಿಲ್ಲ.

ಊರಲ್ಲಿ ಹನ್ನೊಂದು ವರ್ಷ ಪಾಠ ಮಾಡಿದವರು ಅವರು. ಗಂಡನಿಗೆ ಈ ಪರದೇಶದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಸಿಕ್ಕಿತೆಂದು ಮಗಳನ್ನು ಕಟ್ಟಿಕೊಂಡು ಹೊರಟು ಬಂದರು. ಬಂದಿಳಿದ ಮೇಲೆ ಗೊತ್ತಾಯಿತು, ಅಲ್ಲಿಯ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಕೂತು ಉಣ್ಣುವ ಜೀವವಲ್ಲ ಅದು. ಸಿಸ್ಟರುಗಳು ನಡೆಸುವ ಈ ಶಾಲೆಯ ಊಟದ ಕೋಣೆಯಲ್ಲಿ ಮಕ್ಕಳಿಗೆ ಬಡಿಸುವ, ಮೇಜು ಒರೆಸುವ ಕೆಲಸಕ್ಕೆ ಸೇರಿದರು. ಮೂರು ವರ್ಷ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತು, ಮೂವತ್ತೆಂಟನೆಯ ವಯಸ್ಸಿನಲ್ಲಿ ಆರು ವರ್ಷದವರ ಜೊತೆ ಹೊಸ ಭಾಷೆ ತಿದ್ದಿದರು. ಪರೀಕ್ಷೆ ಕಟ್ಟಿ ಎರಡನೆಯ ಸಲಕ್ಕೆ ಪಾಸಾದರು.

“ಮೇಜು ಒರೆಸಿದ್ದಕ್ಕೆ ನಾಚಿಕೆ ಏನಿಲ್ಲ. ಯಾವ ಮಗು ಊಟ ಬಿಡುತ್ತೆ, ಯಾವುದು ಪಕ್ಕದವನ ತಟ್ಟೆಗೆ ಕೈ ಹಾಕುತ್ತೆ, ಎಲ್ಲಾ ಅಲ್ಲೇ ಕಲಿತೆ. ಕ್ಲಾಸಲ್ಲಿ ನಿಂತ ಟೀಚರಿಗೆ ಅದು ಕಾಣ್ಸಲ್ಲ,” ಎನ್ನುತ್ತಾರೆ.

ಟೀಚರಾದ ಮೊದಲ ವರ್ಷ ಆದದ್ದನ್ನು ಅವರು ಈಗ ನಗುತ್ತ ಹೇಳುತ್ತಾರೆ, ಆಗ ನಗು ಬಂದಿರಲಿಲ್ಲ. ಲೆಕ್ಕ ಮಾಡಿದ ಮಕ್ಕಳು ಪುಸ್ತಕ ತಂದು ತೋರಿಸುತ್ತಿದ್ದವು. ಸರಿಯಿದ್ದರೆ ಟೀಚರಮ್ಮ ನಮ್ಮ ಕಡೆಯವರೆಲ್ಲ ಮಾಡುವಂತೆ ಭುಜದಿಂದ ಭುಜಕ್ಕೆ ತಲೆ ತೂಗುತ್ತಿದ್ದರು. ಮಾತು ಇನ್ನೂ ತಡವರಿಸುತ್ತಿತ್ತು, ಹಾಗಾಗಿ ತಲೆಯೇ ಅರ್ಧ ಪಾಠ ಮಾಡುತ್ತಿತ್ತು. ಇಲ್ಲಿಯವರಿಗೆ ಹೌದೆಂದರೆ ತಲೆ ಮೇಲೆ ಕೆಳಗೆ ಹೋಗಬೇಕು. ಅಡ್ಡಡ್ಡ ಹೋದದ್ದೆಲ್ಲ ‘ಇಲ್ಲ’. ಪಾಪ, ಮಕ್ಕಳು ಸಪ್ಪೆ ಮೋರೆ ಮಾಡಿಕೊಂಡು ಹೋಗಿ, ಸರಿಯಾದ ಉತ್ತರವನ್ನು ಅಳಿಸಿ, ಬೇರೆ ಏನಾದರೂ ಬರೆದು ತರುತ್ತಿದ್ದವು. ಮೂರು ವಾರ ನಡೆಯಿತು ಈ ಪ್ರಹಸನ. ಕೊನೆಗೆ ಕಸ ಗುಡಿಸುವಾಕೆ ಬಂದು ಕೇಳಿದಳು, “ಇಡೀ ಶಾಲೆಯಲ್ಲಿ ನಿಮ್ಮ ರೂಮಲ್ಲಿ ಮಾತ್ರ ಯಾಕೆ ಇಷ್ಟೊಂದು ರಬ್ಬರ್ ಪುಡಿ?”

ಪುಸ್ತಕ ತೆಗೆದು ನೋಡಿದರೆ ಹಾಳೆಗಳೆಲ್ಲ ತೂತು. ಮರುದಿನ ಟೀಚರಮ್ಮ ಮಕ್ಕಳ ಮುಂದೆ ತಪ್ಪೊಪ್ಪಿಕೊಂಡು, ತಮ್ಮ ತಲೆ ಹಾಗೆ ತೂಗಿದರೆ ‘ಭೇಷ್’ ಎಂದರ್ಥ ಎಂದು ವಿವರಿಸಿದರು. ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ, ವಾರ ಕಳೆಯುವುದರೊಳಗೆ ತಾವೂ ಹಾಗೇ ತೂಗತೊಡಗಿದವು. ಹುಟ್ಟುಗುಣ ಸುಟ್ಟರೂ ಹೋಗದು, ಟೀಚರಮ್ಮನಿಗೆ ಬಿಡಲಾಗಲಿಲ್ಲ. ಪ್ರತಿ ವರ್ಷ ಹೊಸದಾಗಿ ಬಂದ ಮಕ್ಕಳಿಗೂ ಅದು ನೆಗಡಿಯ ಹಾಗೆ ಅಂಟಿತು. ಒಂದನೇ ತರಗತಿಯ ಆಟ ಎಂದು ಎಲ್ಲರೂ ನಕ್ಕು ಬಿಟ್ಟಿದ್ದರು, ಈ ವರ್ಷದವರೆಗೆ.

ಈ ವರ್ಷ ತರಗತಿಗೆ ಬಂದ ಹುಡುಗಿಯೊಬ್ಬಳು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಒಂದು ದಿನವಲ್ಲ, ಒಂದು ವಾರವಲ್ಲ, ತಿಂಗಳುಗಟ್ಟಲೆ. ಟೀಚರಮ್ಮನ ಗಂಡ ಅವಳಿಗೆ ಇಟ್ಟ ಹೆಸರು ಮೌನಗೌರಿ. ಹೊಲಿಗೆ ಕಾರ್ಖಾನೆಯಲ್ಲಿ ದುಡಿಯುವ ಅವಳ ತಾಯಿ ಹೇಳುವುದು ಬೇರೆಯೇ ಕತೆ: “ಮನೇಲಿ ಬಾಯಿ ಮುಚ್ಚಿದ್ರೆ ಸಾಕಪ್ಪಾ ಅನ್ಸುತ್ತೆ. ಗೇಟ್ ದಾಟಿದ್ರೆ ಮುಗೀತು.” ಪ್ರಾರ್ಥನೆಯಲ್ಲಾದರೂ ತುಟಿ ಅಲ್ಲಾಡಿಸಬಾರದೇ ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಒಮ್ಮೆ ಕೇಳಿದ್ದಕ್ಕೆ ಟೀಚರಮ್ಮ, “ದೇವರಿಗೆ ಕೇಳ್ಸಿದ್ರೆ ಸಾಕಲ್ವಾ ಸಿಸ್ಟರ್,” ಎಂದರಂತೆ. ಸಿಸ್ಟರ್ ಮತ್ತೆ ಆ ಮಾತೆತ್ತಲಿಲ್ಲ.

ಮಾತಾಡು ಎಂದು ಅವಳಿಗೆ ಟೀಚರಮ್ಮ ಒಂದು ದಿನವೂ ಹೇಳಿದವರಲ್ಲ. ಅವರದೇ ಒಂದು ಉಪಾಯವಿದೆ. ದಿನಾ ಹತ್ತು ನಿಮಿಷ ಅವಳ ಪಕ್ಕ ಕೂತು ತಾವೇ ಗಟ್ಟಿಯಾಗಿ ಓದುತ್ತಾರೆ. ನಡುನಡುವೆ ತಪ್ಪು ಓದುತ್ತಾರೆ. ತಪ್ಪಾದ ಕಡೆ ಹುಡುಗಿ ಬೆರಳಿನಿಂದ ಪುಟದ ಮೇಲೆ ಟಕ್ ಎಂದು ಕುಟ್ಟಬೇಕು. ಅವಳು ಒಂದನ್ನೂ ಬಿಡುವುದಿಲ್ಲ.

“ಅರ್ಧ ತಪ್ಪು ನಾನು ಬೇಕಂತ ಮಾಡ್ತೀನಿ,” ಎನ್ನುತ್ತಾರೆ ಟೀಚರಮ್ಮ. “ಇನ್ನರ್ಧ ತಾನಾಗೇ ಬರುತ್ತೆ. ಅವಳು ಎರಡಕ್ಕೂ ಕುಟ್ತಾಳೆ.”

ಶಾಲೆ ಶುರುವಾದ ಎಂಟನೆಯ ತಿಂಗಳಲ್ಲಿ ಅವಳನ್ನು ಪರೀಕ್ಷಿಸಲು ಶಿಕ್ಷಣ ಇಲಾಖೆಯಿಂದ ಪರೀಕ್ಷಕಿಯೊಬ್ಬರು ಬಂದರು. ಹುಡುಗಿಯನ್ನು ಸಿಸ್ಟರ್ ಕೋಣೆಯಲ್ಲಿ ಕೂರಿಸಿಕೊಂಡು, ಚಿತ್ರ ತೋರಿಸಿ ನಲವತ್ತು ಪ್ರಶ್ನೆ ಕೇಳಿದರು. ಬಾಯಿ ಬಿಡದ ಮಗುವಿಗೆಂದೇ ಮಾಡಿದ ಪ್ರಶ್ನೆಗಳು, ಹೌದು ಅಥವಾ ಇಲ್ಲ ಎಂದು ತಲೆಯಾಡಿಸಿದರೆ ಸಾಕು. ತರಗತಿಯ ಟೀಚರ್ ಆಗ ಒಳಗಿರಬಾರದೆಂದು ನಿಯಮ. ಹತ್ತು ದಿನದ ಮೇಲೆ ವರದಿ ಬಂತು. ನಲವತ್ತರಲ್ಲಿ ಒಂಬತ್ತು ಸರಿ. ಮಗುವಿಗೆ ಆಡಿದ ಮಾತು ಅರ್ಥವಾಗುವುದಿಲ್ಲ, ಮುಂದಿನ ತಿಂಗಳಿಂದ ನಗರದ ಆಚೆ ತುದಿಯ ವಿಶೇಷ ಶಾಲೆಗೆ ಕಳಿಸಬೇಕು. ತಾಯಿ ಆ ಹಾಳೆ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತುಬಿಟ್ಟಳು.

“ಆ ಶಾಲೆಯೇನೂ ಕೆಟ್ಟದ್ದಲ್ಲ,” ಎನ್ನುತ್ತಾರೆ ಟೀಚರಮ್ಮ. “ಆದರೆ ಅದು ಇವಳಿಗಲ್ಲ. ನನ್ನ ತಪ್ಪು ಹಿಡಿಯೋ ಮಗುಗೆ ಮಾತು ಅರ್ಥ ಆಗಲ್ಲ ಅಂದ್ರೆ ನಂಬೋದು ಹೇಗೆ? ಇನ್ನೊಂದು ಜಾಗಕ್ಕೆ ಹೋಗಿ ಮತ್ತೆ ಮೊದಲಿಂದ ಹೆದರಬೇಕಲ್ಲ ಅದು.”

ಆ ಸಂಜೆ ವರದಿಯ ಪ್ರತಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತರು. ಗಂಡ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಟೀಚರಮ್ಮ ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು. ಹಸುವಿನ ಚಿತ್ರ: ಇದು ಹಸುವೇ? ಮಗು ‘ಇಲ್ಲ’ ಎಂದಿದೆ, ತಪ್ಪು. ಕೊಡೆಯ ಚಿತ್ರ: ಇದು ಕೊಡೆಯೇ? ‘ಇಲ್ಲ’, ತಪ್ಪು. ಮೀನಿನ ಚಿತ್ರ: ಇದು ಬೆಕ್ಕೇ? ‘ಇಲ್ಲ’, ಸರಿ. ಸರಿಯಾದ ಒಂಬತ್ತೂ ‘ಇಲ್ಲ’ ಎಂಬ ಉತ್ತರದವು. ತಪ್ಪಾದ ಮೂವತ್ತೊಂದೂ ‘ಹೌದು’ ಎನ್ನಬೇಕಿದ್ದವು.

“ಏನೂ ಅರ್ಥವಾಗದ ಮಗು ಒಂದಕ್ಕಾದ್ರೂ ಹೌದು ಅನ್ನಬೇಕಿತ್ತಲ್ಲ ರೀ,” ಎಂದರು ಗಂಡನಿಗೆ. ಗಂಡ ತಿರುಗಿ ನೋಡಿದಾಗ ಅವರ ತಲೆ ತಾನಾಗಿ ಈ ಭುಜದಿಂದ ಆ ಭುಜಕ್ಕೆ ತೂಗುತ್ತಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹಸುವನ್ನು ಕಂಡು ಮಗು ‘ಹೌದು’ ಎಂದೇ ತೂಗಿದೆ. ಪರೀಕ್ಷಕಿ ‘ಇಲ್ಲ’ ಎಂದು ಬರೆದುಕೊಂಡಿದ್ದಾರೆ. ಅವರದೇನು ತಪ್ಪು? ಅವರಿಗೆ ಕಂಡದ್ದೇ ಹಾಗೆ.

ಟೀಚರಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ. “ಆ ಮಗುಗೆ ಇದ್ದದ್ದೇ ಒಂದು ಭಾಷೆ, ತಲೆ. ಅದನ್ನೂ ನಾನೇ ಕೆಡಿಸಿಬಿಟ್ಟಿದ್ದೆ.”

“ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ,” ಎಂದರಂತೆ ಗಂಡ, ತಟ್ಟೆ ಮುಂದಿಡುತ್ತ. “ಬೆಳಿಗ್ಗೆ ಹೋಗಿ ಹೇಳಿಬಿಡು. ಈಗ ಸಾರನ್ನೂ ಉಣ್ಣು.”

ಬೆಳಿಗ್ಗೆ ಹೋಗಿ ಹೇಳಿದರು. ಸಿಸ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಹೇಳಿ ಪ್ರಯೋಜನವಿಲ್ಲವೆಂದು ಟೀಚರಮ್ಮ ಅವರನ್ನು ತರಗತಿಗೇ ಕರೆತಂದು, ಮಕ್ಕಳನ್ನು ಕೇಳಿದರು: ಎರಡೂ ಎರಡೂ ನಾಲ್ಕೇ? ಇಪ್ಪತ್ತಾರು ತಲೆಗಳು ಗಾಳಿಗೆ ಸಿಕ್ಕ ಪೈರಿನಂತೆ ಅತ್ತಿಂದಿತ್ತ ತೂಗಿದವು. ಎರಡೂ ಎರಡೂ ಒಂಬತ್ತೇ? ಈ ಸಲ ಮುಖಗಳು ಎಡಕ್ಕೂ ಬಲಕ್ಕೂ ತಿರುಗಿ ‘ಇಲ್ಲ’ ಎಂದವು. ಸಿಸ್ಟರ್ ಪುಟ್ಟ ಕುರ್ಚಿಯಲ್ಲಿ ಕುಸಿದು ಕೂತು, ಇನ್ನೊಂದು ಸಲ ಕೇಳಿ ಎಂದರು. ಮೂರನೆಯ ಸಾಲಿನ ಮೌನಗೌರಿಯನ್ನೇ ನೋಡಿದರು. ಎಲ್ಲರಿಗಿಂತ ಚೆನ್ನಾಗಿ ತೂಗುತ್ತಿದ್ದವಳು ಅವಳೇ.

ಇಲಾಖೆಗೆ ಪತ್ರ ಬರೆಯುವಾಗ, ಇದು ನನ್ನ ಅಭ್ಯಾಸದಿಂದಾದ ತಪ್ಪು ಎಂಬ ಸಾಲನ್ನು ಟೀಚರಮ್ಮ ತಾವೇ ಸೇರಿಸಿದರು. ಅದು ಬೇಕಿಲ್ಲ ಎಂದು ಸಿಸ್ಟರ್ ಹೇಳಿದರೂ ಬಿಡಲಿಲ್ಲ. ಹನ್ನೊಂದು ದಿನ ಕಾದರು. ಆ ಹನ್ನೊಂದು ದಿನ ಹುಡುಗಿಯ ತಾಯಿ ದಿನಾ ಗೇಟಿನ ಬಳಿ ನಿಂತು ಕಣ್ಣಲ್ಲೇ ಕೇಳುತ್ತಿದ್ದಳು, ಟೀಚರಮ್ಮ ಇನ್ನೂ ಇಲ್ಲ ಎಂದು ಕೈಯಾಡಿಸುತ್ತಿದ್ದರು. ತಲೆಯ ಮೇಲೆ ಅವರಿಗೇ ನಂಬಿಕೆ ಹೋಗಿತ್ತು.

ಅದೇ ಪರೀಕ್ಷಕಿ ಮತ್ತೆ ಬಂದರು. ಈ ಸಲ ಮೊದಲು ಒಂದು ಗಂಟೆ ತರಗತಿಯ ಹಿಂದೆ ಸುಮ್ಮನೆ ಕೂತು ನೋಡಿದರು. ಆಮೇಲೆ ಹುಡುಗಿಯನ್ನು ಕರೆದುಕೊಂಡು ಹೋಗಿ, ಹೊಸ ಚಿತ್ರಗಳನ್ನಿಟ್ಟು ನಲವತ್ತು ಪ್ರಶ್ನೆ ಕೇಳಿದರು. ಮೂವತ್ತೇಳು ಸರಿ. ಮಗುವಿಗೆ ಎಲ್ಲ ಅರ್ಥವಾಗುತ್ತದೆ, ಇಲ್ಲೇ ಇರಲಿ, ಮಾತಿಗೆ ಅವಸರ ಮಾಡಬೇಡಿ ಎಂದು ಬರೆದುಕೊಟ್ಟು ಹೋದರು.

“ಮೂರು ತಪ್ಪಲ್ಲಿ ಒಂದು ಕಪ್ಪೆ,” ಎನ್ನುತ್ತಾರೆ ಟೀಚರಮ್ಮ, ಮಗುವಿನ ಪರ ವಕಾಲತ್ತು ವಹಿಸಿದವರಂತೆ. “ನಾನೂ ನೋಡಿದೆ ಆ ಚಿತ್ರ. ಕಪ್ಪೆ ಹಾಗಿರಲೇ ಇಲ್ಲ.”

ಈಗ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಒಂದನೇ ತರಗತಿಯಲ್ಲಿ ಎರಡು ನಿಮಿಷ ತಲೆಯ ಕವಾಯತು. ಹೊರಗಿನವರು ಕೇಳಿದರೆ ಮೇಲೆ ಕೆಳಗೆ, ಟೀಚರಮ್ಮ ಕೇಳಿದರೆ ಹೇಗೆ ಬೇಕಾದರೂ. ಮಕ್ಕಳು ಎರಡನ್ನೂ ಕಲಿತಿವೆ, ಟೀಚರಮ್ಮ ಮಾತ್ರ ಇನ್ನೂ ಕಲಿಯುತ್ತಿದ್ದಾರೆ. ಮೇಲೆ ಕೆಳಗೆ ಆಡಿಸಲು ಹೊರಟ ತಲೆ ಅರ್ಧ ದಾರಿಯಲ್ಲಿ ಪಕ್ಕಕ್ಕೆ ವಾಲುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಹುಡುಗಿಯೂ ನಗುತ್ತಾಳೆ, ಶಬ್ದವಿಲ್ಲದೆ, ಬಾಯಿಗೆ ಕೈ ಅಡ್ಡ ಹಿಡಿದು.

ವರ್ಷ ಮುಗಿಯಲು ಇನ್ನು ಮೂರು ವಾರ. ಎರಡೂವರೆಗೆ ಮಕ್ಕಳು ಹೋದ ಮೇಲೆ ಟೀಚರಮ್ಮ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚುತ್ತಾರೆ, ಮೊಂಡಾದ ಪೆನ್ಸಿಲ್‌ಗಳನ್ನು ಡಬ್ಬಿಗೆ ತುಂಬುತ್ತಾರೆ. ಹುಡುಗಿ ಪಾಸಾಗಿದ್ದಾಳೆ. ಮುಂದಿನ ವರ್ಷ ಎರಡನೇ ತರಗತಿ, ಬೇರೆ ಟೀಚರ್. ಒಂದು ವರ್ಷ ಪಕ್ಕದಲ್ಲಿ ಕೂತು ಓದಿದವರಿಗೆ ಅವಳ ಧ್ವನಿ ಹೇಗಿದೆ ಎಂಬುದೇ ಗೊತ್ತಿಲ್ಲ. ಬೇಜಾರಿಲ್ಲವೇ ಎಂದು ಕೇಳಿದರೆ ಇನ್ನೊಂದು ಕುರ್ಚಿ ಎತ್ತಿಕೊಳ್ಳುತ್ತಾರೆ. ಇದೆ, ಎನ್ನುತ್ತಾರೆ ಆಮೇಲೆ, ಸುಳ್ಳು ಹೇಳಬಾರದು.

“ನನ್ನ ಕ್ಲಾಸಲ್ಲೇ ಮಾತಾಡ್ಬೇಕಿತ್ತು ಅಂತ ಹಟ ಏನಿಲ್ಲ. ಮಾತಾಡೋ ದಿನ ಅವಳು ಇದೇ ಶಾಲೆಯಲ್ಲಿರ್ತಾಳಲ್ಲ, ಅಷ್ಟು ಸಾಕು. ಯಾರ ಕ್ಲಾಸಲ್ಲಾದ್ರೂ ಮಾತಾಡ್ಲಿ.” ಕೈಲಿದ್ದ ಕುರ್ಚಿಯನ್ನು ಕೆಳಗಿಟ್ಟು, ಎಡಗಡೆಯ ಗೋಡೆಯನ್ನು ಅಂಗೈಯಿಂದ ಮುಟ್ಟುತ್ತಾರೆ. “ಎರಡನೇ ಕ್ಲಾಸು ಇದರ ಆಚೆಗೇ ಇರೋದು. ಗೋಡೆ ತೆಳ್ಳಗಿದೆ. ಕೇಳ್ಸುತ್ತೆ.”