ಮಳೆಗಾಲಕ್ಕೆಂದು ಇಟ್ಟದ್ದು

ಮೊನ್ನೆ ಹೊನ್ನಾವರದ ಬಂದರಿನಲ್ಲಿ ಒಬ್ಬಾತ ದೋಣಿಯ ಹಲಗೆಗೆ ಮೀನೆಣ್ಣೆ ಸವರುತ್ತಿದ್ದ. ಆ ವಾಸನೆ ಮೂಗಿಗೆ ತಾಗಿದೊಡನೆ ನಾನು ನಿಂತಲ್ಲೇ ನಿಂತೆ. ಯುದ್ಧದ ವರ್ಷಗಳಲ್ಲಿ ಸೀಮೆಎಣ್ಣೆ ದುರ್ಲಭವಾದಾಗ, ಕುಮಟೆಯ ಹತ್ತಿರದ ಬಾಡ ಎಂಬ ಊರಿನಲ್ಲಿ ನನ್ನ ನೆರೆಯಾಕೆ ಇದೇ ಎಣ್ಣೆಯಿಂದ ದೀಪ ಹಚ್ಚುತ್ತಿದ್ದಳು…

ನಾನು ಆಗ ಕುಮಟೆಯ ಶಾಲೆಯಲ್ಲಿ ಹೊಸ ಮಾಸ್ತರ. ಆಕೆ ಮೀನು ಮಾರುವ ವಿಧವೆ. ಒಬ್ಬನೇ ಮಗ, ಕಡಲಿಗೆ ಹೋಗುವವನು. ಆಕೆಯದು ಭಾರಿ ಮೈ. ಜೊತೆಯ ಹೆಂಗಸರು, “ಇದು ನಡೆದ್ರೆ ಮರಳಲ್ಲಿ ದೋಣಿ ಎಳ್ದಾಂಗೆ!” ಎಂದು ನಗೆಯಾಡಿದರೆ ಆಕೆ ಹೊಟ್ಟೆ ತಟ್ಟಿಕೊಂಡು, “ನಿಮ್ಗೆಂತ ಗೊತ್ತು? ಇದು ಮಳೆಗಾಲಕ್ಕೆ ಅಂತ ಇಟ್ಟದ್ದು!” ಎನ್ನುತ್ತಿದ್ದಳು.

ಬಿರುಗಾಳಿಯೆದ್ದ ಒಂದು ದಿನ ಮಗನ ದೋಣಿ ಮರಳಲಿಲ್ಲ.

ಆಕೆ ಹುಡುಕಲು ಹೊರಟಳು. ಒಂದು ದಿನ ಉತ್ತರಕ್ಕೆ ಕಾಗಾಲದ ಕಡೆಗೆ, ಮರುದಿನ ದಕ್ಷಿಣಕ್ಕೆ ಹೊನ್ನಾವರದ ದಾರಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ದಡದುದ್ದಕ್ಕೂ ಒಂದೇ ಸಮನಾದ ನಡಿಗೆ, ಕಂಡ ದೋಣಿಯವರಲ್ಲೆಲ್ಲ ಅದೇ ಪ್ರಶ್ನೆ. ಗಂಜಿ ಕೊಟ್ಟರೆ, “ಬ್ಯಾಡ ಮಾಸ್ತರೇ, ಗಂಟಲಲ್ಲಿ ಇಳೂದಿಲ್ಲ” ಎನ್ನುವಳು. ಹೀಗೆ ವಾರಗಳು ಕಳೆದವು. ಆಕೆಯ ತೋಳಿನ ಚರ್ಮ ಖಾಲಿ ಚೀಲದಂತೆ ಜೋತುಬಿತ್ತು. ಕ್ಷಯವೆಂದು ಹೆದರಿ ನಾನು ಕುಮಟೆಯಿಂದ ಡಾಕ್ಟರರನ್ನು ಕರೆತಂದೆ.

“ರೋಗವಲ್ಲ” ಎಂದರು ಅವರು. ಅನ್ನದಿಂದ ಬಂದ ಬಲ ಬಹಳ ಹೊತ್ತು ಬಾಳುವುದಿಲ್ಲವಂತೆ. ಏದುಸಿರು ಬಾರದಂತೆ ಗಂಟೆಗಟ್ಟಲೆ ನಡೆಯುವವರ ದೇಹವು ಕೂಡಿಟ್ಟ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಟ್ಟು, ಸ್ನಾಯುಗಳಲ್ಲಿ ಉರಿಸುತ್ತದಂತೆ, ದೀಪ ಎಣ್ಣೆಯನ್ನು ಉರಿಸುವ ಹಾಗೆ. ಉರಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ.

“ಬಹುಪಾಲು ಉಸಿರಿನಲ್ಲಿ, ಮಾಸ್ತರೇ. ಉಳಿದದ್ದು ನೀರಾಗಿ.”

ನಾನು ದಿಗ್ಭ್ರಾಂತನಾದೆ. ಕಣ್ಣೆದುರಿಗಿದ್ದ ಹೆಂಗಸು ತನ್ನನ್ನೇ ಉಸಿರಾಗಿಸಿ ಆ ದಡದ ಗಾಳಿಗೆ ಬಿಟ್ಟುಬಂದಿದ್ದಳು! “ಎಣ್ಣೆ ತೀರಿದರೆ ಬತ್ತಿಯೇ ಸುಡುತ್ತದೆ. ಹೇಗಾದರೂ ಉಣ್ಣಿಸಿ” ಎಂದು ಹೇಳಿ ಅವರು ಹೊರಟರು. ಆಕೆ ಉಣ್ಣಲಿಲ್ಲ, ಮರುದಿನವೂ ನಡೆದಳು…

ಕೊನೆಗೆ ಕಾಲು ಏಳದೆ ಅಂಗಳದಲ್ಲೇ ಕುಳಿತ ಒಂದು ಮಧ್ಯಾಹ್ನ ಮಗ ಬಂದ. ಮಲಬಾರಿನ ಕಡೆಗೆ ಹೊರಟಿದ್ದ ಸರಕಿನ ಹಡಗೊಂದು ಅವನನ್ನು ಎತ್ತಿಕೊಂಡಿತ್ತು; ಜ್ವರ ಹಿಡಿದು ಅಲ್ಲಿಯೇ ಉಳಿದಿದ್ದ. ನಾನು ಬೇಲಿಯಾಚೆಯಿಂದ ಕೂಗಬೇಕೆನ್ನುವಷ್ಟರಲ್ಲಿ ಅವನು ನೇರವಾಗಿ ಆಕೆಯ ಮುಂದೆಯೇ ಹೋಗಿ ನಿಂತ.

“ಅಜ್ಜೀ, ಈ ಮನೆಲಿದ್ದ ನಮ್ಮವ್ವ ಎಲ್ಲಿ ಹೋಯ್ತು?”

ಆಕೆ ಕೈಚಾಚಿ ಅವನ ಮೊಣಕಾಲು ಹಿಡಿದಳು.

“ನಾನೇ ಮಗಾ… ಮಳೆಗಾಲಕ್ಕೆ ಇಟ್ಟದ್ದೆಲ್ಲ ಖರ್ಚಾತು.”

ಅವನು ಆ ಜೋತುಬಿದ್ದ ತೋಳನ್ನು ಎತ್ತಿ ನೋಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಕೆಯ ಮೈ ಮತ್ತೆ ತುಂಬಲಿಲ್ಲ. ಮಳೆ ಹಿಡಿದಾಗ ಬಂದ ಸಣ್ಣ ಜ್ವರವನ್ನು ತಡೆದುಕೊಳ್ಳಲು ಆಕೆಯಲ್ಲಿ ಏನೂ ಉಳಿದಿರಲಿಲ್ಲ…

“ಎಂತ ಆತು ಮಾರಾಯ್ರೇ, ವಾಸನೆಗೆ ತಲೆ ತಿರುಗ್ತಾ?” ಎಂದ ಎಣ್ಣೆ ಸವರುತ್ತಿದ್ದವನು. ನಾನು ಕಡಲ ಕಡೆಗೆ ತಿರುಗಿ ಉಸಿರೆಳೆದುಕೊಂಡೆ. ಬಿಡಲು ಬಹಳ ಹೊತ್ತು ಹಿಡಿಯಿತು.