ಅವ್ವನ ದಪ್ಪ ಕಾರ್ಡುಗಳು

ಮೈದಾ ಹಿಟ್ಟಿನ ಅಂಟು ಕುದಿಯುವ ವಾಸನೆ ಬಂದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿ ಏಳುತ್ತದೆ. ಮೊನ್ನೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಗೋಡೆಗೆ ಪೋಸ್ಟರ್ ಹಚ್ಚುವವರು ಬಕೆಟ್ಟಿನ ಮುಚ್ಚಳ ತೆಗೆದರು. ಬೆಂದ ಹಿಟ್ಟಿನ ಆ ಸಪ್ಪೆ ವಾಸನೆ ಮೂಗಿಗೆ ಬಡಿದದ್ದೇ ಸ್ಕೂಟಿ ನಿಲ್ಲಿಸಿ ನಿಂತುಬಿಟ್ಟೆ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ನಮ್ಮ ಬಾಡಿಗೆ ಮನೆ ಇತ್ತು. ಈಗ ಆ ಜಾಗದಲ್ಲಿ ಮೂರು ಅಂಗಡಿಗಳಿವೆ, ಅದರಲ್ಲಿ ಒಂದು ಜೆರಾಕ್ಸಿನದು. ಆ ಮನೆಯ ಪಡಸಾಲೆಯಲ್ಲಿ ಸಂಜೆಯಾದರೆ ಅವ್ವ ಚಾಪೆ ಹಾಸಿ, ನಡುವೆ ಅಂಟಿನ ಬೋಗುಣಿ ಇಟ್ಟುಕೊಂಡು ಕೂಡುತ್ತಿದ್ದಳು. ಹುಳು ಹತ್ತದಿರಲೆಂದು ಅಂಟಿಗೆ ಚೂರು ಮೈಲುತುತ್ತ ಹಾಕುತ್ತಿದ್ದಳಾದ್ದರಿಂದ ಅದಕ್ಕೊಂದು ತಿಳಿ ನೀಲಿ ಬಣ್ಣ ಇರುತ್ತಿತ್ತು. ಸೀರೆ ಅಂಗಡಿಯವರು ಕೊಟ್ಟ ಖಾಲಿ ರಟ್ಟಿನ ಡಬ್ಬಿಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಮೇಲೆ ಬಿಳಿ ಹಾಳೆ ಹಚ್ಚಿ, ಅದರ ಮೇಲೆ ನಾಳಿನ ಪಾಠ ಬರೆಯುತ್ತಿದ್ದಳು.

ಅವ್ವ ಹಿಟ್ನಾಳದ ಕಡೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಅಷ್ಟೂ ಪಾಠಗಳು ಅವಳ ಕಾರ್ಡುಗಳಲ್ಲಿದ್ದವು. ಕಾಗುಣಿತಕ್ಕೆ ಒಂದು ಕಟ್ಟು, ಮಗ್ಗಿಗೆ ಒಂದು, ಎಲೆ-ಬೇರಿಗೆ ಒಂದು. ಒಂದೊಂದು ಕಟ್ಟಿಗೂ ಹಳೆಯ ಸೀರೆಯ ಅಂಚಿನ ಲಾಡಿ. ಎಲ್ಲವೂ ಒಂದು ಹಸಿರು ಟ್ರಂಕಿನಲ್ಲಿ. ಯಾವ ಟೀಚರಾದರೂ ಕಟ್ಟು ಬಿಚ್ಚಿ ನೇರವಾಗಿ ತರಗತಿಗೆ ಹೋಗಬಹುದಿತ್ತು, ಪಾಠ ಅಷ್ಟು ತಯಾರಾಗಿರುತ್ತಿತ್ತು. ಇಟಗಿಯ ಗುಡಿಗೆ ಹೋದಾಗಲೂ ಅವಳು ದೇವರಿಗಿಂತ ಹೆಚ್ಚು ಹೊತ್ತು ಕಂಬಗಳ ಮುಂದೆ ನಿಂತು, ದುಂಡು, ಚೌಕ, ಎಂಟು ಮೂಲೆ ಎಂದು ಗೀಚಿಕೊಂಡು ಬಂದಿದ್ದಳು. ಕೋರ್ಟಿನಲ್ಲಿ ಟೈಪಿಸ್ಟನಾಗಿದ್ದ ಅಪ್ಪ ಮನೆಗೆ ಬಂದು ಬೋಗುಣಿಯಲ್ಲಿ ಇಣುಕಿ, "ಏನ್ರಿ ಟೀಚರ್, ಇವತ್ತು ಊಟಕ್ಕ ಅಂಟ ಏನು?" ಎಂದು ಕಾಡುತ್ತಿದ್ದ. ಆಮೇಲೆ ತಾನೇ ಅನ್ನಕ್ಕೆ ಇಡುತ್ತಿದ್ದ. ನಾನು ನಗುತ್ತಿರಲಿಲ್ಲ. ಆ ಹಳ್ಳಿಯ ಮಕ್ಕಳನ್ನು ಒಬ್ಬರನ್ನೂ ನೋಡಿರದಿದ್ದರೂ ಅವರೆಲ್ಲರ ಮೇಲೆ ನನಗೆ ಕೆಟ್ಟ ಸಿಟ್ಟಿತ್ತು. ಹಗಲೆಲ್ಲ ನನ್ನ ಅವ್ವನನ್ನು ಇಟ್ಟುಕೊಂಡು ಸಂಜೆಯೂ ಬಿಡುವುದಿಲ್ಲವೆಂದರೆ ಹೇಗೆ? ನಿಮ್ಮಲ್ಲಿ ಯಾರ ತಾಯಿಯಾದರೂ ಟೀಚರ್ ಆಗಿದ್ದರೆ ಇದು ತಿಳಿಯುತ್ತದೆ. ಉಳಿದವರಿಗೆ ನಾನು ಹಟಮಾರಿ ಅನ್ನಿಸಿದರೆ ಅನ್ನಿಸಲಿ.

ಆದರೆ ಅವ್ವನದೊಂದು ಪದ್ಧತಿಯಿತ್ತು. ಯಾವ ಕಾರ್ಡೂ ನನ್ನ ಕೈ ದಾಟದೆ ಶಾಲೆಗೆ ಹೋಗುತ್ತಿರಲಿಲ್ಲ. ಒಣಗಿದ ಮೇಲೆ ನನ್ನ ಮುಂದೆ ಹಿಡಿದು ಕೇಳುತ್ತಿದ್ದಳು. "ನನ್ನ ಗಿರಿಜಾಗ ತಿಳೀತಂದ್ರ ಎಲ್ಲಾ ಹುಡುಗ್ರಿಗೂ ತಿಳೀತೈತಿ" ಎಂಬುದು ಅವಳ ಲೆಕ್ಕ. ನಾನು ಸರಿ ಹೇಳಿದರೆ ಕಾರ್ಡು ಟ್ರಂಕಿಗೆ ಹೋಗುತ್ತಿತ್ತು, ನಾನು ಎದ್ದು ಹೋಗಬೇಕಿತ್ತು. ತಪ್ಪು ಹೇಳಿದರೆ ಅವ್ವ ನನ್ನನ್ನು ಹತ್ತಿರ ಎಳೆದುಕೊಂಡು, ಎಲ್ಲಿ ತೊಡಕಾಯಿತೆಂದು ವಿಚಾರಿಸಿ, ಅದೇ ಕಾರ್ಡಿನ ಮೇಲೆ ಹೊಸ ಹಾಳೆ ಹಚ್ಚಿ ಮತ್ತೆ ಬರೆಯುತ್ತಿದ್ದಳು. ಇದು ಗೊತ್ತಾಗಲು ನನಗೆ ಹೆಚ್ಚು ದಿನ ಹಿಡಿಯಲಿಲ್ಲ. ಒಮ್ಮೆ ನಲವತ್ತೆರಡರಲ್ಲಿ ಹದಿನೇಳು ಕಳೆಯುವ ಕಾರ್ಡು ಹಿಡಿದಳು. ಹತ್ತು ಹತ್ತು ಕಡ್ಡಿಗಳ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿಗಳ ಚಿತ್ರವಿತ್ತು. ಇಪ್ಪತ್ತೈದೆಂದು ಚೆನ್ನಾಗಿ ಗೊತ್ತಿದ್ದೂ "ಮೂವತ್ತೈದು" ಎಂದೆ. ಅವ್ವ ಹುಬ್ಬು ಗಂಟಿಕ್ಕಿ ಕಾರ್ಡು ನೋಡಿದಳು. "ಹೌದಲ್ಲ, ಕಟ್ಟು ಬಿಚ್ಚಿದ್ದು ತೋರಿಸೇ ಇಲ್ಲ ನಾ. ಹುಡುಗ್ರಿಗೆ ಹೆಂಗ ತಿಳೀಬೇಕು?" ಎಂದು ತನ್ನನ್ನೇ ಬೈದುಕೊಂಡು ಕುಂಚ ಎತ್ತಿಕೊಂಡಳು. ಅಷ್ಟು ಹೊತ್ತೂ ನಾನು ಅವಳ ತೊಡೆಗೆ ಒರಗಿ ಕೂತಿದ್ದೆ. ಅವಳ ಸೀರೆಯಲ್ಲಿ ಸೀಮೆಸುಣ್ಣದ ಪುಡಿ ಇತ್ತು, ಮುಂಗೈಯಲ್ಲಿ ಒಣಗಿದ ಅಂಟಿನ ಪೊರೆ, ಅದನ್ನು ಉಗುರಿನಿಂದ ಸುಲಿಯಲು ನನಗೆ ಬಿಡುತ್ತಿದ್ದಳು. ಆಮೇಲೆ ನಾನು ಹೇಳಿದ ತಪ್ಪುಗಳಿಗೆ ಮಿತಿಯೇ ಇರಲಿಲ್ಲ. ಕೆಲವು ಕಾರ್ಡುಗಳು ನಾಲ್ಕು ಐದು ಹಾಳೆ ಏರಿ ರೊಟ್ಟಿಗಿಂತ ದಪ್ಪಗಾದವು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಶಬಾನಾ ಟೀಚರ್ ಬಂದರು. ಅವ್ವನ ಶಾಲೆಗೆ ಹೊಸದಾಗಿ ನೇಮಕವಾಗಿ ಬಂದವರು, ಗಂಗಾವತಿಯವರು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಕಾರ್ಡು ಮಾಡುವುದನ್ನು ಕಲಿಯುತ್ತೇನೆಂದು ಭಾನುವಾರ ಭಾನುವಾರ ನಮ್ಮ ಮನೆಗೆ ಬರತೊಡಗಿದರು. ಅವರ ಅಕ್ಷರ ಮುತ್ತಿನಂತಿತ್ತು. ಅವ್ವ ಅವರ ಕೈಗೆ ಕುಂಚ ಕೊಟ್ಟಳು, ನನ್ನ ಕೈಗೆ ಎಂದೂ ಕೊಟ್ಟಿರಲಿಲ್ಲ. ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತು ಪಿಸುಪಿಸು ಮಾತಾಡಿ ನಗುವಾಗ ನಾನು ಬಾಗಿಲ ಬಳಿ ನಿಂತು ಉರಿದುಹೋಗುತ್ತಿದ್ದೆ. ಅವರು ನನಗಾಗಿ ತರುತ್ತಿದ್ದ ಬಿಸ್ಕೀಟನ್ನು ತಿಂದೇ ಉರಿಯುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಭಾನುವಾರ ಅವರು ಬರೆದಿಟ್ಟಿದ್ದ ಕಾರ್ಡುಗಳ ಮೇಲೆ ಬೋಗುಣಿ ಉರುಳಿಸಿದೆ. ಅವ್ವ ಹೊಡೆಯಲಿಲ್ಲ. "ಶಬಾನಾ, ನಡೀರಿ, ಮತ್ತ ಬರಿಯೂಣು" ಎಂದಳು, ಅಷ್ಟೇ. ಹೊಡೆದಿದ್ದರೇ ಚೆನ್ನಾಗಿತ್ತು. ಆ ಸಿಟ್ಟಿನಲ್ಲೇ ನಾನು, "ಸತ್ರೂ ಟೀಚರ್ ಆಗಂಗಿಲ್ಲ ನಾ, ಈ ಕಾರ್ಡು ಕಂಡ್ರ ಆಗಂಗಿಲ್ಲ ನಂಗ" ಎಂದು ಕೂಗಾಡಿದೆ.

ಆದರೂ ಟೀಚರೇ ಆದೆ. ಕುಷ್ಟಗಿ ಕಡೆಯ ಶಾಲೆಯೊಂದಕ್ಕೆ ನೇಮಕದ ಆದೇಶ ಬಂದ ದಿನ ಮನೆಗೆ ಓಡಿ ಹೋದೆ. ಅವ್ವ ನಿವೃತ್ತಳಾಗಿ ಆರು ತಿಂಗಳಾಗಿತ್ತು. ಮೂಲೆಯಲ್ಲಿ ಟ್ರಂಕು ಇರಲಿಲ್ಲ. "ಶಬಾನಾಗ ಕೊಟ್ಟೆ" ಎಂದಳು ಅವ್ವ. "ನಿನಗ ಆ ಕಾರ್ಡು ಕಂಡ್ರ ಆಗ್ತಿದ್ದಿಲ್ಲಲ್ಲ?" ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಹಾಗೆ ತಿಳಿದಿದ್ದಳು. ಟ್ರಂಕು ನನಗೆ ಬೇಕು ಎಂದು ಆಗ ಒಂದು ಮಾತು ಹೇಳಬಹುದಿತ್ತು. ನನ್ನ ಬಿಗುಮಾನ ಬಿಡಲಿಲ್ಲ. ಅವ್ವ ಹೋದಳು, ಅದಕ್ಕೂ ಮೊದಲೇ ಅಪ್ಪ ಹೋಗಿದ್ದ, ಮನೆಯ ಮಾಲೀಕರು ಮನೆ ಕೆಡವಿದರು. ನಾನು ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಕಳಿಸುವ ಹಾಳೆಗಳನ್ನು ಪ್ರಿಂಟ್ ಹಾಕಿಸಿ ಮಕ್ಕಳಿಗೆ ಹಂಚುತ್ತೇನೆ. ಕೆಲಸ ನಡೆಯುತ್ತದೆ. ಆದರೆ ಅವ್ವನ ಪಾಠಗಳು ಪರರ ಮನೆಯಲ್ಲಿವೆ ಎಂಬ ಸಂಕಟ ಇಷ್ಟು ವರ್ಷ ಒಂದು ದಿನವೂ ನನ್ನನ್ನು ಬಿಟ್ಟಿರಲಿಲ್ಲ.

ಹೋದ ತಿಂಗಳು ಕೊಪ್ಪಳದಲ್ಲಿ ನಡೆದ ಟೀಚರುಗಳ ತರಬೇತಿಗೆ ಶಬಾನಾ ಮೇಡಂ ಆ ಟ್ರಂಕನ್ನು ತಂದಿದ್ದರು. ಅವರ ನಿವೃತ್ತಿಗೆ ಎರಡು ವಾರ ಉಳಿದಿತ್ತು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಕಟ್ಟು ಬಿಚ್ಚಿ ಪಾಠ ಮಾಡಿ ತೋರಿಸುವಾಗ ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಹೊಸ ಹುಡುಗಿಯೊಬ್ಬಳು ಕಾರ್ಡು ಹಿಡಿದು, "ಮೇಡಂ, ಇವ್ಯಾಕ ಇಷ್ಟ್ ದಪ್ಪ ಅದಾವ್ರಿ?" ಎಂದಳು. ಮೇಡಂ ನನ್ನತ್ತ ನೋಡಿ ನಕ್ಕರು. ಚಹಾದ ಹೊತ್ತಿಗೆ ನನ್ನ ಬಳಿ ಬಂದು, "ಟ್ರಂಕು ನೀ ಒಯ್ಯಿ ಗಿರಿಜಾ. ಕೇಳ್ತಿ ಕೇಳ್ತಿ ಅಂತ ದಾರಿ ನೋಡಿದೆ. ನೀ ಕೇಳ್ಲೇ ಇಲ್ಲ" ಎಂದರು. ನಾನು ಕಾರ್ಡಿನ ಅಂಚು ಸವರುತ್ತಾ, ಈ ದಪ್ಪವೆಲ್ಲ ನನ್ನ ಸುಳ್ಳು ತಪ್ಪುಗಳದ್ದು, ಪಾಪ ಅವ್ವನನ್ನು ಅಷ್ಟು ವರ್ಷ ಮೋಸಮಾಡಿದೆ ಎಂದೆ.

ಮೇಡಂ ಲೋಟ ಕೆಳಗಿಟ್ಟರು. "ಮೋಸ? ನಿಮ್ಮವ್ವಾರಿಗೆ ಎಲ್ಲಾ ಗೊತ್ತಿತ್ತವ್ವ. ಒಂದ್ ಭಾನುವಾರ ನನ್ ಮುಂದ ಅಂದಿದ್ರು: ‘ನನ್ ಮಗಳಿಗೆ ಬರ್ತೈತ್ರಿ ಶಬಾನಾ, ಬೇಕಂತನ ತಪ್ಪು ಹೇಳ್ತಾಳ. ನಾ ಇನ್ನಷ್ಟೊತ್ತು ಬಾಜೂಕ ಕುಂಡ್ರಲಿ ಅಂತ. ನನಗೂ ಕುಂಡ್ರೂದು ಬೇಕಾಗಿರತೈತಿ. ಅದಕ್ಕ ಮತ್ತೊಂದು ಹಾಳಿ ಹಚ್ತೀನಿ.’"

ಟ್ರಂಕು ಈಗ ನನ್ನ ಮನೆಯಲ್ಲಿದೆ. ದಿನಕ್ಕೊಂದು ಕಟ್ಟು ಶಾಲೆಗೆ ಒಯ್ಯುತ್ತೇನೆ, ಮಕ್ಕಳಿಗೆ ಸಲೀಸಾಗಿ ತಿಳಿಯುತ್ತದೆ. ಶಬಾನಾ ಮೇಡಂ ತಮ್ಮ ಬಳಿ ಏನನ್ನೂ ಉಳಿಸಿಕೊಳ್ಳದೆ ಎಲ್ಲ ಕೊಟ್ಟರು. ಆದರೂ ನನ್ನ ಹೊಟ್ಟೆಕಿಚ್ಚು ಆರಿಲ್ಲ. ಅವ್ವ ಆ ಮಾತನ್ನು ಆಡಿದ್ದು ಅವರ ಮುಂದೆ. ನನ್ನ ಮುಂದೆ ಒಂದೇ ಒಂದು ಸಲ ಆಡಬಹುದಿತ್ತು.